ದೊಡ್ಡವರ ಕಲಿಕೆಯ ಕೂಟ, ಪಕ್ಕದಲ್ಲಿ ಮಕ್ಕಳು: ಬೀದಿಯಲ್ಲೇ ಶುರುಮಾಡುವ ಬಗೆ

ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಒಂದು ತಂದೆತಾಯಿಯರದು: "ಎಲ್ಲದಕ್ಕೂ ಯಾಕೆ ಯಾಕೆ ಅಂತ ಪ್ರಾಣ ತಿನ್ನುತ್ತಿದ್ದ ಮಗು ಈಗ 'ಇದು ಪರೀಕ್ಷೆಗೆ ಬರುತ್ತಾ' ಅಂತ ಮಾತ್ರ ಕೇಳುತ್ತೆ, ಏನು ಮಾಡೋದು?" ಇನ್ನೊಂದು ನಲವತ್ತು ದಾಟಿದವರದು: "ಏನಾದರೂ ಕಲಿಯಬೇಕು ಅಂತ ಆಸೆ. ಪುಸ್ತಕ ತಂದರೆ ಇಪ್ಪತ್ತು ಪುಟಕ್ಕೆ ನಿಲ್ಲುತ್ತೆ, ವಿಡಿಯೋ ನೋಡಿದರೆ ಮರುದಿನಕ್ಕೆ ಮರೆತುಹೋಗುತ್ತೆ."

ಎರಡಕ್ಕೂ ನಾವು ಹೇಳುವ ಮದ್ದು ಒಂದೇ. ಬೀದಿಯ ಹತ್ತು ಜನ ದೊಡ್ಡವರು ವಾರಕ್ಕೊಮ್ಮೆ ಕೂತು, ತಮಗೆ ನಿಜವಾಗಿ ಗೊತ್ತಿಲ್ಲದ ಒಂದು ಸಂಗತಿಯನ್ನು ಹುಡುಕಿ ತಿಳಿಯಲಿ. ಮಕ್ಕಳು ಅಲ್ಲೇ ಪಕ್ಕದಲ್ಲಿರಲಿ. ಕೂಟ ನಡೆಯುವುದು ದೊಡ್ಡವರಿಗಾಗಿ. ಮಕ್ಕಳಿಗೆ ಪಾಠ ಹೇಳುವ ಉದ್ದೇಶವನ್ನು ಮೊದಲ ದಿನವೇ ಕೈಬಿಡಿ. ಅಪ್ಪ ಅಮ್ಮ, ಪಕ್ಕದ ಮನೆಯ ಅಜ್ಜ "ನನಗೆ ಗೊತ್ತಿಲ್ಲ, ನೋಡೋಣ" ಎಂದು ಟೇಪು ಹಿಡಿದು ಅಳೆಯುವುದನ್ನು ಮಗು ನೋಡುವುದೇ ಅಪರೂಪ. ಮನೆಯಲ್ಲಿ ದೊಡ್ಡವರೆಲ್ಲ ಉತ್ತರ ಗೊತ್ತಿದ್ದವರ ಹಾಗೆಯೇ ಇರುತ್ತಾರೆ, ಹುಡುಕುವ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಕೂಟದಲ್ಲಿ ಅದು ಬೀಳುತ್ತದೆ.

ಮೈಸೂರು ಸೀಮೆಗೆ ಇದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು 1930ರ ದಶಕದಿಂದಲೇ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿದರು, ಅವು ಕೈಗೆಟುಕುವ ಬೆಲೆಯ ಪುಟ್ಟ ಪುಸ್ತಕಗಳಾಗಿ ಬಂದವು. 1940ರ ದಶಕದ ಆರಂಭದಲ್ಲಿ ಇಲ್ಲೇ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗೆಂದೇ 'ಬೆಳಕು' ಪತ್ರಿಕೆ ಹೊರಡಿಸಿತು, ನಂಜನಗೂಡಿನಲ್ಲಿ ವಿದ್ಯಾಪೀಠ ನಡೆಸಿತು. ಅವೆಲ್ಲ ಬಲ್ಲವರು ಹೇಳಿ ಉಳಿದವರು ಕೇಳುವ ಏರ್ಪಾಡು. ಇಲ್ಲಿ ಹೇಳುತ್ತಿರುವ ಕೂಟಕ್ಕೆ ಉಪನ್ಯಾಸಕರೇ ಬೇಡ. ಸ್ವೀಡನ್ನಿನಲ್ಲಿ 1902ರಿಂದ ನಡೆದುಬಂದಿರುವ ಅಧ್ಯಯನ ಕೂಟಗಳ ಕ್ರಮಕ್ಕೆ ಇದು ಹತ್ತಿರ: ಸಣ್ಣ ಗುಂಪು, ನಡುವೆ ಪುಸ್ತಕ, ಮೇಷ್ಟ್ರು ಯಾರೂ ಇಲ್ಲ.

ಏನೇನು ಬೇಕು

ಆರರಿಂದ ಹನ್ನೆರಡು ದೊಡ್ಡವರು. ವಾರಕ್ಕೆ ಒಂದೂವರೆ ಗಂಟೆ. ಒಂದು ಕರಿ ಹಲಗೆ ಅಥವಾ ಗೋಡೆಯ ಮೇಲೆ ಕರಿಬಣ್ಣ ಬಳಿದ ನಾಲ್ಕು ಅಡಿ, ಮೂರು ಅಡಿ ಜಾಗ. ಇನ್ನೂರು ಪುಟದ ಗೆರೆಯಿರುವ ಎರಡು ಉದ್ದ ಪುಸ್ತಕ. ಒಂದು ಡಬ್ಬಿ, ಅದರಲ್ಲಿ ಐದು ಮೀಟರಿನ ಟೇಪು, ದಾರ, ಭೂತಗನ್ನಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಥರ್ಮಾಮೀಟರ್, ಗುರುತುಗಳಿರುವ ಅಳತೆಯ ಲೋಟ, ಒಂದು ದಿಕ್ಸೂಚಿ. ಹಲಗೆ, ತಕ್ಕಡಿ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತವೆ. ಉಳಿದದ್ದು ಎರಡು ಸಾವಿರ ರೂಪಾಯಿಯೊಳಗೆ ಮುಗಿಯಬೇಕು. ಪ್ರೊಜೆಕ್ಟರ್, ಬ್ಯಾನರ್, ಉದ್ಘಾಟನೆ ಬೇಡ. ಉದ್ಘಾಟನೆಯಾದ ಕೂಟಕ್ಕೆ ಎರಡನೇ ವಾರವೇ ಅತಿಥಿಗಳನ್ನು ಹುಡುಕುವ ಕೆಲಸ ಅಂಟಿಕೊಳ್ಳುತ್ತದೆ.

1. ಮೊದಲು ಮೂರು ಮನೆ, ಆಮೇಲೆ ಬೀದಿ

ವಾಟ್ಸ್ಆ್ಯಪ್ ಗುಂಪಿನಲ್ಲಿ ಕರೆ ಕೊಟ್ಟು ಶುರುಮಾಡಬೇಡಿ. ಮೂವತ್ತು ಹೆಬ್ಬೆರಳು ಬರುತ್ತವೆ, ನಾಲ್ಕು ಜನ ಬರುತ್ತಾರೆ, ಆ ನಾಲ್ವರಿಗೂ ನಿರಾಸೆಯಾಗುತ್ತದೆ. ಮೂರು ಮನೆಗೆ ನೀವೇ ಹೋಗಿ. "ಆರು ವಾರ ಬನ್ನಿ, ಆಮೇಲೆ ಬಿಡುವುದು ನಿಮ್ಮಿಷ್ಟ" ಎಂದು ಗಡುವು ಹೇಳಿ ಕೇಳಿ. ಗಡುವಿದ್ದರೆ ಒಪ್ಪಿಕೊಳ್ಳುವುದು ಸುಲಭ. ಆ ಮೂರೂ ಮನೆಯವರು ತಲಾ ಒಬ್ಬಿಬ್ಬರನ್ನು ಕರೆತರಲಿ.

ಇಬ್ಬರು ಹೊಣೆಗಾರರು ಸಾಕು. ಒಬ್ಬರು ಕೂಟ ನಡೆಸುವವರು: ಹೊತ್ತಿಗೆ ಶುರುಮಾಡುವುದು, ಮಾತು ಎಲ್ಲರಿಗೂ ಹೋಗುವಂತೆ ನೋಡುವುದು, ಹೊತ್ತಿಗೆ ನಿಲ್ಲಿಸುವುದು. ಇನ್ನೊಬ್ಬರು ಬರೆಯುವವರು. ನಡೆಸುವ ಹೊಣೆಯನ್ನು ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವರಿಗೆ ಕೊಡುವುದು ಸಾಮಾನ್ಯವಾಗಿ ಆಗುವ ತಪ್ಪು. ಅವರು ಒಳ್ಳೆಯವರೇ, ಆದರೆ ಪ್ರಶ್ನೆ ಬಿದ್ದ ಕೂಡಲೇ ಉತ್ತರ ಹೇಳಿಬಿಡುತ್ತಾರೆ, ಅಲ್ಲಿಗೆ ಹುಡುಕಾಟ ಮುಗಿಯಿತು. ನಿವೃತ್ತ ಮೇಷ್ಟ್ರು ಇದ್ದರೆ ಬರೆಯುವ ಕೆಲಸ ಕೊಡಿ. ಕೈ ಬರೆಯುತ್ತಿದ್ದಾಗ ಬಾಯಿ ತುಸು ಸುಮ್ಮನಿರುತ್ತದೆ.

ಹನ್ನೆರಡಕ್ಕಿಂತ ಹೆಚ್ಚು ಜನರಾದರೆ ಹಿಂದೆ ಕೂತವರು ತಮ್ಮತಮ್ಮಲ್ಲೇ ಮಾತಾಡತೊಡಗುತ್ತಾರೆ. ಹದಿನೈದಾದ ದಿನ ಎರಡು ಕೂಟ ಮಾಡಿ.

ಓದು ಬರಹ ಬಾರದವರನ್ನು ಖಂಡಿತ ಕರೆಯಿರಿ. ಅವರ ಮರ್ಯಾದೆ ಉಳಿಯುವಂತೆ ಮೂರು ನಿಯಮ ಇಟ್ಟುಕೊಳ್ಳಿ. ಸರದಿಯ ಮೇಲೆ ಗಟ್ಟಿಯಾಗಿ ಓದಿಸುವುದು ಬೇಡ, ಓದುವವರು ಯಾವಾಗಲೂ ತಾವಾಗಿ ಮುಂದೆ ಬಂದವರೇ ಆಗಿರಲಿ. ಹಾಜರಿಗೆ ಸಹಿ ಬೇಡ. ಹಲಗೆಯ ಮೇಲೆ ಬರೆದದ್ದನ್ನು ಯಾರಾದರೂ ಒಮ್ಮೆ ಬಾಯಲ್ಲೂ ಹೇಳಲಿ, ಪಕ್ಕದಲ್ಲಿ ಚಿತ್ರ ಇರಲಿ. ಕೆಲವು ವಾರ ಕಳೆದ ಮೇಲೆ ಅವರಲ್ಲೇ ಯಾರಾದರೂ ಅಕ್ಷರ ಕಲಿಯುವ ಆಸೆ ತೋರಿಸಿದರೆ ಅದಕ್ಕೆ ಬೇರೆ ಹೊತ್ತು ಇಡಿ. ಕೂಟವನ್ನೇ ಅಕ್ಷರ ತರಗತಿ ಮಾಡಿದರೆ ಅವರೂ ಉಳಿಯುವುದಿಲ್ಲ, ಉಳಿದವರೂ ಉಳಿಯುವುದಿಲ್ಲ.

2. ಜಾಗ ಮತ್ತು ಹೊತ್ತು

ಜಗಲಿ, ಹಜಾರ, ಅರಳಿಕಟ್ಟೆ, ಪಂಚಾಯಿತಿ ಗ್ರಂಥಾಲಯ ಯಾವುದಾದರೂ ನಡೆಯುತ್ತದೆ. ನೋಡಬೇಕಾದದ್ದು ಮೂರೇ: ನೆಲದ ಮೇಲೆ ಕೂರಲಾಗದವರಿಗೆ ನಾಲ್ಕು ಕುರ್ಚಿ, ಕರೆಂಟು ಹೋದರೂ ಕಾಣುವಷ್ಟು ಬೆಳಕು, ಎಲ್ಲ ಜಾತಿಯವರೂ ಹೆಂಗಸರೂ ಮುಜುಗರವಿಲ್ಲದೆ ಬಂದು ಕೂರಬಹುದಾದ ಜಾಗ. ಮೂರನೆಯದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ ಅಷ್ಟೆ. ಒಂದೇ ಮನೆಯಲ್ಲಿ ನಡೆಸಿದರೆ ಅದು ಆ ಮನೆಯವರ ಕೂಟವಾಗಿಬಿಡುತ್ತದೆ. ಸಾರ್ವಜನಿಕ ಜಾಗ ಸಿಗದಿದ್ದರೆ ಎರಡು ವಾರಕ್ಕೊಮ್ಮೆ ಮನೆ ಬದಲಿಸಿ.

ಮೈಸೂರಿನ ಬಡಾವಣೆಗಳಿಗೆ ಭಾನುವಾರ ಬೆಳಿಗ್ಗೆ 10ರಿಂದ 11.30 ಹೊಂದುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಹಾಲು ಡೇರಿಗೆ ಹಾಕಿ ಬಂದ ಮೇಲೆ, ರಾತ್ರಿ ಊಟಕ್ಕೆ ಮುಂಚೆ, 7ರಿಂದ 8.30. ಕಾಫಿ ಬೇಕಾದರೆ ಕೊಡಿ, ತಿಂಡಿ ಮಾತ್ರ ಬೇಡ. ತಿಂಡಿ ಬಂದರೆ ಮುಂದಿನ ಮನೆಯವರು ಅದಕ್ಕಿಂತ ಚೆನ್ನಾಗಿ ಮಾಡಲು ಹೊರಡುತ್ತಾರೆ, ಕೆಲಸವೆಲ್ಲ ಹೆಂಗಸರ ತಲೆಗೆ ಬಂದು ಅವರು ಕೂಟದಲ್ಲಿ ಕೂರುವುದೇ ತಪ್ಪುತ್ತದೆ.

3. ಪ್ರಶ್ನೆ ಆರಿಸುವುದು

ಕೂಟ ಉಳಿಯುವುದೂ ಅಳಿಯುವುದೂ ಇಲ್ಲಿ. ಹೆಚ್ಚಿನವರು ವಿಷಯ ಆರಿಸುತ್ತಾರೆ: ಖಗೋಳ, ಇತಿಹಾಸ, ಪರಿಸರ. ವಿಷಯಕ್ಕೆ ತುದಿಮೊದಲಿಲ್ಲ. ಆರು ವಾರಕ್ಕೆ ಒಂದು ಪ್ರಶ್ನೆ ಇಟ್ಟುಕೊಳ್ಳಿ, ಆ ಆರು ವಾರವೇ ಒಂದು ಸುತ್ತು. ಪ್ರಶ್ನೆ ಮೂರು ಜರಡಿಯಲ್ಲಿ ಹಾಯಲಿ.

ಒಂದು, ಉತ್ತರದ ಒಂದು ತುಂಡಾದರೂ ನಡೆದು ಹೋಗಿ ಮುಟ್ಟುವಷ್ಟು ದೂರದಲ್ಲಿರಬೇಕು. ಎರಡು, ಅಳೆಯುವ ಅಥವಾ ಎಣಿಸುವ ಕೆಲಸ ಇರಬೇಕು. ಮೂರು, ಕೂಟದ ಯಾರಿಗಾದರೂ ಅರ್ಧ ಗೊತ್ತಿರಬೇಕು, ಪೂರ್ತಿ ಯಾರಿಗೂ ಗೊತ್ತಿರಬಾರದು.

"ನಮ್ಮ ನಲ್ಲಿಯ ನೀರು ಎಲ್ಲಿಂದ, ಎಷ್ಟು ಬರುತ್ತದೆ?" ಮೂರರಲ್ಲೂ ಹಾಯುತ್ತದೆ. "ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕುತ್ತಾರೆ?" ಮಂಡ್ಯದವರಿಗೆ ಹೇಳಿ ಮಾಡಿಸಿದ್ದು. "ಊರ ಬಾಗಿಲ ವೀರಗಲ್ಲು ಯಾರದು?" ಕೂಡ ಒಳ್ಳೆಯದೇ, ಶಾಸನವಿದ್ದರೆ ನಾಡಿನ ಶಾಸನಗಳನ್ನು ಅಚ್ಚುಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕು, ಊರಿನ ಪ್ರಕಾರ ಹುಡುಕಬಹುದು, ಆದರೆ ಅಳೆಯುವ ಕೆಲಸ ಕಡಿಮೆ, ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. "ಕೃತಕ ಬುದ್ಧಿಮತ್ತೆ ಎಂದರೇನು?" ಮೊದಲ ಸುತ್ತಿಗೆ ಬೇಡವೇ ಬೇಡ. ಮುಟ್ಟಲು ಏನೂ ಇಲ್ಲ, ಫೋನಿನಲ್ಲಿ ಓದಿದವರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ರಾಜಕೀಯ ಪಕ್ಷ, ಯಾವ ದೇವರು ದೊಡ್ಡವರು, ಯಾವ ವೈದ್ಯ ಪದ್ಧತಿ ಮೇಲು, ಇವನ್ನು ಮೊದಲ ಮೂರು ಸುತ್ತು ಮುಟ್ಟಬೇಡಿ. ಆ ಪ್ರಶ್ನೆಗಳೂ ಮುಖ್ಯವೇ. ಆದರೆ ಅಳೆದು ನೋಡುವ ಅಭ್ಯಾಸ ಇನ್ನೂ ಬೇರೂರದ ಗುಂಪು ಅಲ್ಲಿ ಒಡೆಯುತ್ತದೆ.

ಆರಿಸುವ ವಿಧಾನ ಹೀಗಿರಲಿ. ಮೊದಲ ದಿನ ಪ್ರತಿಯೊಬ್ಬರೂ ಒಂದು ಪ್ರಶ್ನೆ ಹೇಳಲಿ, ಮಕ್ಕಳೂ ಸೇರಿ. ಎಲ್ಲವನ್ನೂ ಹಲಗೆಗೆ ಹಾಕಿ. ಪ್ರತಿಯೊಬ್ಬರಿಗೆ ಮೂರು ಹುಣಸೆಬೀಜ. ಬೇಕಾದ ಪ್ರಶ್ನೆಯ ಕೆಳಗೆ ಇಡಲಿ. ಕೈಯೆತ್ತಿಸಬೇಡಿ, ಮನೆಯ ಯಜಮಾನ ಎತ್ತಿದ ಕಡೆಗೆ ಎಲ್ಲರ ಕೈ ಹೋಗುತ್ತದೆ. ಗೆಲ್ಲದ ಪ್ರಶ್ನೆಗಳನ್ನು ಅಳಿಸದೆ ಪುಸ್ತಕದ ಕೊನೆಯ ಪುಟಗಳಲ್ಲಿ, ಕೇಳಿದವರ ಹೆಸರಿನೊಂದಿಗೆ ಬರೆದಿಡಿ. ಎಂಟು ವರ್ಷದ ಮಗುವಿನ ಪ್ರಶ್ನೆಯೂ ಅಲ್ಲಿರಲಿ.

4. ಒಂದೂವರೆ ಗಂಟೆಯ ಲೆಕ್ಕ

ಮೊದಲ ಹತ್ತು ನಿಮಿಷ, ಹಿಂದಿನ ವಾರ ಬರೆದದ್ದನ್ನು ಗಟ್ಟಿಯಾಗಿ ಓದುವುದು. ಮುಂದಿನ ಹದಿನೈದು ನಿಮಿಷ ಊಹೆ: ಇವತ್ತಿನ ತುಂಡಿಗೆ ಉತ್ತರ ಏನಿರಬಹುದೆಂದು ಪ್ರತಿಯೊಬ್ಬರೂ ಹೇಳಲಿ, ಸಂಖ್ಯೆಯಾದರೆ ಸಂಖ್ಯೆಯನ್ನೇ ಹೇಳಲಿ. ಊಹೆಯನ್ನು ಬರೆದಿಟ್ಟ ಮೇಲೆಯೇ ಪುಸ್ತಕ ತೆಗೆಯಬೇಕು. ಊಹಿಸದೆ ಓದಿದ್ದು ತಲೆಗೆ ಹತ್ತುವುದಿಲ್ಲ, ತಪ್ಪು ಊಹೆ ಮಾಡಿದವರಿಗೆ ಸರಿಯುತ್ತರ ಬಹಳ ದಿನ ನೆನಪಿರುತ್ತದೆ. ಆಮೇಲೆ ಮೂವತ್ತೈದು ನಿಮಿಷ ಕೈಕೆಲಸ ಅಥವಾ ಓದು, ಇಪ್ಪತ್ತು ನಿಮಿಷ ಮಾತು, ಹತ್ತು ನಿಮಿಷ ಬರವಣಿಗೆ ಮತ್ತು ಮುಂದಿನ ವಾರಕ್ಕೆ ಯಾರು ಏನು ತರಬೇಕೆಂಬ ಹಂಚಿಕೆ.

ಓದಲು ಆರಿಸುವ ತುಣುಕು ಎರಡು ಪುಟ ದಾಟದಿರಲಿ. ಮೊದಲೇ ಮನೆಯಲ್ಲಿ ಓದಿ ಬನ್ನಿ ಎಂದರೆ ಅರ್ಧದಷ್ಟು ಜನ ಓದಿರುವುದಿಲ್ಲ, ಓದದವರು ನಾಚಿ ಬರುವುದನ್ನೇ ತಪ್ಪಿಸುತ್ತಾರೆ. ಅಲ್ಲೇ ಕೂತು ಓದಿ.

ಫೋನು ಕೈಕೆಲಸ ಮುಗಿಯುವವರೆಗೆ ಡಬ್ಬಿಯಲ್ಲಿ. ಗೂಗಲ್ ಉತ್ತರ ಐದು ಸೆಕೆಂಡಿನಲ್ಲಿ ಬಂದುಬಿಟ್ಟರೆ ಊಹೆ, ಅಳತೆ ಎರಡಕ್ಕೂ ಜಾಗವಿಲ್ಲ. ಮಾತಿನ ಹೊತ್ತಿನಲ್ಲಿ ಹೋಲಿಸಿ ನೋಡಲು ತೆಗೆದುಕೊಳ್ಳಿ.

5. ಒಂದು ಸುತ್ತು ಹೇಗಿರುತ್ತದೆ: ನಲ್ಲಿ ನೀರಿನ ಆರು ವಾರ

ಮೊದಲ ವಾರ, ಮನೆ. ಹತ್ತು ಲೀಟರಿನ ಬಕೆಟ್ಟು ನಲ್ಲಿಯ ಕೆಳಗಿಟ್ಟು ತುಂಬಲು ಎಷ್ಟು ಸೆಕೆಂಡು ಎಂದು ಪ್ರತಿ ಮನೆಯವರೂ ಅಳೆದು ಬರಲಿ. ಒಂದೇ ಬೀದಿಯಲ್ಲಿ ಮನೆಮನೆಗೆ ವ್ಯತ್ಯಾಸ ಬರುತ್ತದೆ. ನೇರ ಪೈಪಿನ ನಲ್ಲಿಯೋ ಮಾಳಿಗೆಯ ಟ್ಯಾಂಕಿನದೋ ಎಂದು ಬರೆಯದಿದ್ದರೆ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. ಸೋರುವ ನಲ್ಲಿ ಇದ್ದರೆ ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ 60 ಹನಿ ಎಂದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು.

ಎರಡನೇ ವಾರ, ಪೈಪು. ಮೈಸೂರಿಗೆ ಕಾವೇರಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಪಂಪುಮನೆಗಳಿಂದಲೂ ಕಬಿನಿ ನೀರು ಬಿದರಗೂಡಿನಿಂದಲೂ ಬರುತ್ತದೆ. ನಿಮ್ಮ ಬಡಾವಣೆಗೆ ಯಾವುದು ಎಂದು ತಿಳಿಯಲು ವಾಲ್ವ್ ತಿರುಗಿಸಲು ಬರುವವರನ್ನೇ ಕೇಳಿ. ಹಳ್ಳಿಯಲ್ಲಾದರೆ ನೀರುಗಂಟಿಯನ್ನು ಕೂಟಕ್ಕೆ ಕರೆಯಿರಿ. ಬೀದಿಯ ಪೈಪು ಎಲ್ಲಿ ತಿರುಗುತ್ತದೆ, ಯಾವ ಟ್ಯಾಂಕು ಯಾವ ಕೇರಿಗೆ ಎಂಬುದು ಕಾಗದದಲ್ಲಿ ಇರದಷ್ಟು ಅವರಿಗೆ ಗೊತ್ತು. ಅವರ ಮಾತು ಕೇಳುತ್ತಾ ಹಲಗೆಯ ಮೇಲೆ ನಕ್ಷೆ ಬಿಡಿಸಿ.

ಮೂರನೇ ವಾರ, ಪತ್ರಿಕೆ. ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ಕೆಆರ್‌ಎಸ್ ಮಟ್ಟ ಅಚ್ಚುಹಾಕುತ್ತವೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಎಲ್ಲರೂ ಓದುವ ಸುದ್ದಿ, ಅರ್ಥ ಮಾಡಿಕೊಂಡವರು ಕಡಿಮೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಲೀಟರಿನಲ್ಲಿ 28.3. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್. ದಿನಕ್ಕೆ 86,400 ಸೆಕೆಂಡು. ಹಾಗಾಗಿ ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಹೊರಹರಿವು 5,000 ಕ್ಯೂಸೆಕ್ ಇದ್ದರೆ ಒಂದು ಟಿಎಂಸಿ ಖಾಲಿಯಾಗಲು ಎರಡು ದಿನ ಮತ್ತು ಕೆಲವು ಗಂಟೆ. ಈ ಲೆಕ್ಕವನ್ನು ಹಲಗೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ಮಾಡಿ, ಏಳನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರ ಬಿಟ್ಟುಕೊಡಿ. ಆಮೇಲೆ ಮೊದಲ ವಾರದ ಅಳತೆಗೆ ಹಿಂತಿರುಗಿ: ಬಕೆಟ್ಟು 50 ಸೆಕೆಂಡಿನಲ್ಲಿ ತುಂಬುವ ನಲ್ಲಿಗಳು ಸುಮಾರು 140 ಒಟ್ಟಿಗೆ ತೆರೆದರೆ ಒಂದು ಕ್ಯೂಸೆಕ್.

ನಾಲ್ಕನೇ ವಾರ, ಬಾಣಲೆ. ಎಲ್ಲ ಕೂಟಗಳಲ್ಲೂ ಬೀಳುವ ತಪ್ಪೊಂದಿದೆ: "ಅಣೆಕಟ್ಟೆಯಲ್ಲಿ ನೂರು ಅಡಿ ನೀರಿದೆ, ನೂರಿಪ್ಪತ್ತೈದರಲ್ಲಿ ನೂರು, ಅಂದರೆ ಐದರಲ್ಲಿ ನಾಲ್ಕು ಪಾಲು ತುಂಬಿದೆ." ಹಾಗಿರುವುದಿಲ್ಲ. ತುಂಬಿದಾಗ ಸುಮಾರು 49.45 ಟಿಎಂಸಿ ಹಿಡಿಯುವ ಆ ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಅಡುಗೆಯ ಬಾಣಲೆಗೆ ಒಂದೊಂದೇ ಲೋಟ ನೀರು ಹಾಕುತ್ತಾ ಪ್ರತಿ ಲೋಟಕ್ಕೂ ಸ್ಕೇಲಿನಿಂದ ಆಳ ಅಳೆದು ಬರೆಯಿರಿ. ಮೊದಲ ಲೋಟಗಳಿಗೆ ಮಟ್ಟ ಬೇಗ ಏರುತ್ತದೆ, ಕೊನೆಯವಕ್ಕೆ ನಿಧಾನ. ಚೌಕುಳಿ ಕಾಗದದ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆದರೆ ಮೇಲಿನ ಕೆಲವೇ ಅಡಿಗಳಲ್ಲಿ ಎಷ್ಟೊಂದು ನೀರು ಇರುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ನೇರ ಗೋಡೆಯ ಪಾತ್ರೆಯಲ್ಲೂ ಒಮ್ಮೆ ಮಾಡಿ, ಎರಡೂ ಗೆರೆಗಳನ್ನು ಪಕ್ಕಪಕ್ಕ ಇಡಿ. ಪಾತ್ರೆ ಓರೆಯಾಗಿದ್ದರೆ ಅಳತೆ ಕೆಡುತ್ತದೆ, ಸ್ಕೇಲನ್ನು ಪ್ರತಿಸಲ ಅದೇ ಜಾಗದಲ್ಲಿ, ತಳದ ನಡುವೆ ಊರಬೇಕು.

ಐದನೇ ವಾರ, ಶುದ್ಧಿ. ಎರಡು ಗಾಜಿನ ಲೋಟದಲ್ಲಿ ಕೆಸರು ನೀರು. ಒಂದರಲ್ಲಿ ಪಟಿಕದ ತುಂಡನ್ನು ನಾಲ್ಕೈದು ಸುತ್ತು ಆಡಿಸಿ, ಇನ್ನೊಂದನ್ನು ಹಾಗೇ ಬಿಡಿ. ಐದು ನಿಮಿಷಕ್ಕೊಮ್ಮೆ ನೋಡಿ ಬರೆಯಿರಿ. ಸಣ್ಣ ಮಣ್ಣಿನ ಕಣಗಳು ಒಂದನ್ನೊಂದು ತಳ್ಳುವ ವಿದ್ಯುದಂಶ ಹೊತ್ತಿರುವುದರಿಂದ ತೇಲುತ್ತಲೇ ಇರುತ್ತವೆ. ಪಟಿಕ ಅದನ್ನು ತಗ್ಗಿಸಿ ಕಣಗಳು ಗಂಟುಕಟ್ಟಿ ಕೆಳಗಿಳಿಯುವಂತೆ ಮಾಡುತ್ತದೆ. ತಿಳಿಯಾದ ನೀರನ್ನು ಕುಡಿಯಬೇಡಿ, ಮಕ್ಕಳಿಗೆ ಮೊದಲೇ ಹೇಳಿಡಿ: ಕೆಸರು ಹೋಗಿದೆ, ರೋಗಾಣು ಹೋಗಿಲ್ಲ.

ಆರನೇ ವಾರ, ಒಪ್ಪಿಸುವುದು. ಅದರ ವಿಚಾರ ಕೊನೆಯಲ್ಲಿದೆ.

ಆಲೆಮನೆಯ ಪ್ರಶ್ನೆ ಹಿಡಿದವರು ಮೊದಲ ವಾರ ಅರಿಶಿನ ಕಾಗದ ಮಾಡಿಕೊಳ್ಳಿ. ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ನೆರಳಲ್ಲಿ ಒಣಗಿಸಿದರೆ ಆಯಿತು. ಸುಣ್ಣದ ನೀರು ತಾಗಿದರೆ ಕೆಂಪಾಗುತ್ತದೆ, ನಿಂಬೆರಸಕ್ಕೆ ಹಳದಿಯಾಗಿಯೇ ಇರುತ್ತದೆ. ಕಬ್ಬಿನ ಹಾಲು ತುಸು ಹುಳಿಯ ಕಡೆಗಿರುವುದರಿಂದ ಕಾಗದ ಬದಲಾಗದು, ಸುಣ್ಣ ಅತಿಯಾದಾಗ ಮಾತ್ರ ಕೆಂಪು ಕಾಣುತ್ತದೆ. ಹುಳಿಯಿದ್ದಂತೆಯೇ ಕುದಿಸಿದರೆ ಸಕ್ಕರೆ ಒಡೆದು ಬೆಲ್ಲ ಗಟ್ಟಿಕಟ್ಟುವುದಿಲ್ಲ; ಸುಣ್ಣ ಹುಳಿ ತಗ್ಗಿಸಿ ಕೊಳೆಯನ್ನು ನೊರೆಯಾಗಿ ಮೇಲಕ್ಕೆ ತರುತ್ತದೆ, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಕಲಸುವ ಕೆಲಸ ದೊಡ್ಡವರದೇ. ಕುದಿಯುವ ಕೊಪ್ಪರಿಗೆಯ ಬಳಿಗೆ ಮಕ್ಕಳನ್ನು ಬಿಡುವ ಮಾತೇ ಇಲ್ಲ.

ಇನ್ನೊಂದು ಸುಲಭದ ಸುತ್ತು, ನೆರಳು. ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕೋಲು, ಸುತ್ತ ಸೀಮೆಸುಣ್ಣದ ಗುರುತು. ನೆರಳು ಅತಿ ಚಿಕ್ಕದಾಗುವುದು ಮಧ್ಯಾಹ್ನ 12ಕ್ಕೆ ಎಂದು ಎಲ್ಲರೂ ಊಹಿಸುತ್ತಾರೆ. ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಅದಕ್ಕೆ ಪಶ್ಚಿಮದಲ್ಲಿ, ಸುಮಾರು 76.65ರಲ್ಲಿದೆ, ಆದ್ದರಿಂದ ಸೂರ್ಯ ಇಲ್ಲಿ ನೆತ್ತಿಯ ಕಡೆಗೆ ಬರುವುದು ಸರಾಸರಿ 23 ನಿಮಿಷ ತಡ. ಫೆಬ್ರವರಿ ಮಧ್ಯದಲ್ಲಿ 12.37ರ ಹೊತ್ತಿಗೆ, ನವೆಂಬರ್ ಮೊದಲಲ್ಲಿ 12.07ಕ್ಕೇ ಆಗುತ್ತದೆ. ಏಪ್ರಿಲ್ 22 ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ ಆ ಹೊತ್ತಿಗೆ ನೆರಳೇ ಇರುವುದಿಲ್ಲ. ಏಪ್ರಿಲ್ ದಿನಕ್ಕೆ ಲೆಕ್ಕ ಹಾಕಿ ಸುತ್ತು ಶುರುಮಾಡಿ. ಆಗಸ್ಟಿನಲ್ಲಿ ಮೋಡದ ಮೇಲೆ ಭರವಸೆ ಇಡುವಂತಿಲ್ಲ.

6. ಮಕ್ಕಳನ್ನು ಎಲ್ಲಿ ಕೂರಿಸಬೇಕು

ಎಲ್ಲಿಯೂ ಕೂರಿಸಬೇಡಿ. ಬರಲಿ, ಹೋಗಲಿ, ನಡುವೆ ಆಡಲು ಓಡಲಿ. ಆರು ವರ್ಷದೊಳಗಿನವರಿಗೆ ಮೂಲೆಯಲ್ಲಿ ಕಾಗದ, ಬಣ್ಣದ ಕಡ್ಡಿ, ಚಿತ್ರದ ಪುಸ್ತಕ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿ ಹೊಲಿದುಕೊಳ್ಳಬಹುದು. ಏಳರಿಂದ ಹನ್ನೆರಡರವರಿಗೆ ಅಳೆಯುವ, ಎಣಿಸುವ, ಗಡಿಯಾರ ನೋಡುವ ನಿಜವಾದ ಕೆಲಸ ಕೊಡಿ. ಅವರ ಅಳತೆಯೇ ಪುಸ್ತಕಕ್ಕೆ ಹೋಗಬೇಕು. ದೊಡ್ಡವರು ಪಕ್ಕದಲ್ಲಿ ಮತ್ತೆ ಅಳೆದು ಅದನ್ನೇ ಬರೆದರೆ ಮುಂದಿನ ವಾರ ಮಗು ಬರುವುದಿಲ್ಲ. ಅನುಮಾನವಿದ್ದರೆ ಮೂರು ಜನ ಅಳೆದು ಮೂರೂ ಅಂಕಿ ಬರೆಯಿರಿ. ಹದಿಮೂರು ದಾಟಿದವರು ಕೂಟದ ಪೂರ್ತಿ ಸದಸ್ಯರು, ಹುಣಸೆಬೀಜವೂ ಅವರಿಗೆ ಮೂರೇ.

ಮಾಡಬಾರದ್ದು ಕೆಲವು. "ಹೇಳು ಪುಟ್ಟಾ, ಕ್ಯೂಸೆಕ್ ಅಂದರೇನು?" ಎಂದು ಎಲ್ಲರೆದುರು ಕೇಳುವುದು. ಬಹುಮಾನ ಇಡುವುದು. ಒಬ್ಬರ ಮಗುವನ್ನು ಇನ್ನೊಬ್ಬರ ಮಗುವಿನ ಜತೆ ಹೋಲಿಸುವುದು. "ಇದು ಶಾಲೆಯಲ್ಲೂ ಉಪಯೋಗಕ್ಕೆ ಬರುತ್ತೆ" ಎಂದು ಆಸೆ ತೋರಿಸುವುದು. ಈ ಕೊನೆಯದು ಎಲ್ಲಕ್ಕಿಂತ ಬೇಗ ಕೂಟವನ್ನು ಟ್ಯೂಷನ್ ಮಾಡಿಬಿಡುತ್ತದೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಒಬ್ಬ ತಾಯಿಯೋ ತಂದೆಯೋ "ಗಣಿತವನ್ನೂ ಹೇಳಿಕೊಡಬಹುದಲ್ಲಾ" ಎಂದು ಕೇಳುವುದು ಗ್ಯಾರಂಟಿ. ನಯವಾಗಿ ಬೇಡವೆನ್ನಿ.

ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಮೊದಲು "ನಿನಗೇನನ್ನಿಸುತ್ತೆ?" ಎಂದು ಕೇಳಿ, ಆಮೇಲೆ "ಹೇಗೆ ನೋಡೋದು?" ಎನ್ನಿ. ಹಾಗೆಂದು ಪ್ರತಿಸಲ ಇದನ್ನೇ ಮಾಡಿದರೆ ಮಕ್ಕಳಿಗೆ ಸಿಟ್ಟು ಬರುತ್ತದೆ, ನ್ಯಾಯವೇ. ಮೂರರಲ್ಲಿ ಎರಡಕ್ಕೆ ನೇರ ಉತ್ತರ ಕೊಡಿ.

ಸುರಕ್ಷತೆಗೆ ಸಂಬಂಧಿಸಿದ್ದು ಕಟ್ಟುನಿಟ್ಟು: ಮಕ್ಕಳಿರುವ ಜಾಗದಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು, ಬೇರೆ ಬೇರೆ ಮನೆಯವರು. ಯಾವ ದೊಡ್ಡವರೂ ಬೇರೆಯವರ ಮಗುವಿನ ಜತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ನಂಬಿಕೆಯ ಜನ ಎಂದು ಸಡಿಲ ಬಿಡಬೇಡಿ. ನಿಯಮ ಎಲ್ಲರಿಗೂ ಒಂದೇ ಆದರೆ ಯಾರಿಗೂ ಬೇಜಾರಿಲ್ಲ.

7. ಹೊರಗೆ ಹೋಗುವುದು

ಒಂದು ಸುತ್ತಿಗೆ ಒಂದು ಸಲ, ಒಂದು ಜಾಗ, ಒಂದು ಪ್ರಶ್ನೆ. ಕಾರಂಜಿ ಕೆರೆಯ ಬಳಿಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ, ರೈಲ್ವೆ ಸಂಗ್ರಹಾಲಯ, ಕುಕ್ಕರಹಳ್ಳಿ ಕೆರೆ ಮೈಸೂರಿನವರಿಗೆ ಹತ್ತಿರ. ಮಂಗಳವಾರ ಮೃಗಾಲಯಕ್ಕೂ ಕಾರಂಜಿ ಕೆರೆಗೂ ರಜೆ, ಉಳಿದವಕ್ಕೆ ಹೋಗುವ ಮುಂಚೆ ವಿಚಾರಿಸಿಕೊಳ್ಳಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ಮರಗಳ ಮೇಲೇ ಗೂಡು ಕಟ್ಟುತ್ತವೆ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಒಂದೇ ಮರ ಆರಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಸಲ ಹಕ್ಕಿ ಬಂತು, ಬಾಯಲ್ಲಿ ಕಡ್ಡಿಯೋ ಮೀನೋ ಎಂದು ಬರೆಯಿರಿ. ಹತ್ತು ಜಾಗ ನೋಡಿ ಬಂದವರಿಗಿಂತ ಹೆಚ್ಚು ತಿಳಿಯುತ್ತದೆ.

ಐದು ಮಕ್ಕಳಿಗೆ ಒಬ್ಬರು ದೊಡ್ಡವರು, ಪ್ರತಿ ಮನೆಯಿಂದ ಒಪ್ಪಿಗೆ. ನೀರಿನ ಸುತ್ತು ನಡೆಸುವವರು ಮಕ್ಕಳನ್ನು ನಾಲೆಯ ಏರಿಗೆ ಇಳಿಸಬೇಡಿ. ವಿಶ್ವೇಶ್ವರಯ್ಯ ನಾಲೆಯಂಥ ಕಾಂಕ್ರೀಟ್ ಹಾಕಿದ ನಾಲೆಗಳ ಇಳಿಜಾರು ಪಾಚಿಗೆ ಜಾರುತ್ತದೆ, ಹಿಡಿದು ಮೇಲೆ ಬರಲು ಏನೂ ಇರುವುದಿಲ್ಲ, ಈಜು ಬಲ್ಲವರಿಗೂ ಕಷ್ಟ. ಸೇತುವೆಯ ಮೇಲಿಂದ ನೋಡಿದರೆ ಸಾಕು.

8. ಪುಸ್ತಕ, ಗ್ರಂಥಾಲಯ, ಮತ್ತು "ಯಾರು ಹೇಳಿದ್ದು?"

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂಬ ಹೆಸರು. 2020ರ ಓದುವ ಬೆಳಕು ಅಭಿಯಾನದಿಂದೀಚೆಗೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಕೂಟದ ಎಲ್ಲ ಮಕ್ಕಳನ್ನೂ ಒಂದೇ ದಿನ ಕರೆದೊಯ್ದು ಸದಸ್ಯರನ್ನಾಗಿಸಿ. ಗ್ರಂಥಪಾಲಕರಿಗೆ ನಿಮ್ಮ ಪ್ರಶ್ನೆ ಏನೆಂದು ಮೊದಲೇ ತಿಳಿಸಿ. ಬೀಗ ಹಾಕಿದ ಕಪಾಟಿನಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳಿದ್ದರೆ ತೆಗೆಸಿಕೊಳ್ಳಿ. ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ದೊಡ್ಡವರ ಓದಿಗೂ ಸರಿಯಾದ ಅಳತೆಯದು.

ಬರೆಯುವ ಪುಸ್ತಕದ ಪ್ರತಿ ಪುಟಕ್ಕೂ ಎಡಬದಿಯಲ್ಲಿ ಅಂಚು ಬಿಡಿಸಿ, ಒಂದೊಂದು ಸಾಲಿನ ಮುಂದೂ ಒಂದಕ್ಷರ ಹಾಕಿ: ನಾವೇ ನೋಡಿದ್ದಕ್ಕೆ 'ನೋ', ಓದಿದ್ದಕ್ಕೆ 'ಓ' ಮತ್ತು ಪುಸ್ತಕದ ಹೆಸರು, ಪುಟ, ಯಾರೋ ಹೇಳಿದ್ದಕ್ಕೆ 'ಕೇ' ಮತ್ತು ಹೇಳಿದವರ ಹೆಸರು. ಫಾರ್ವರ್ಡ್ ಆಗಿ ಬಂದದ್ದೆಲ್ಲ 'ಕೇ'. ಯಾರ ಮಾತನ್ನೂ ಸುಳ್ಳೆನ್ನಬೇಕಿಲ್ಲ, ಜಗಳವಿಲ್ಲ, ಅಕ್ಷರ ಹಾಕಿದರೆ ಸಾಕು. ಈ ಮೂರಕ್ಷರ ಹತ್ತು ವರ್ಷದ ಮಗುವಿನ ಬಾಯಿಗೆ ಬಂದ ಮೇಲೆ ಟಿವಿ ಸುದ್ದಿಗೂ ಅದೇ ಪ್ರಶ್ನೆ ಕೇಳುತ್ತದೆ. ಮನೆಯಲ್ಲಿ ತುಸು ಕಿರಿಕಿರಿಯಾಗಬಹುದು, ತಡೆದುಕೊಳ್ಳಿ.

9. ದುಡ್ಡು, ಜಗಳ

ತಿಂಗಳಿಗೆ ಮನೆಗೆ ಇಪ್ಪತ್ತು ರೂಪಾಯಿ, ಡಬ್ಬಿಯಲ್ಲಿ, ಲೆಕ್ಕ ಹಲಗೆಯ ಮೂಲೆಯಲ್ಲಿ. ಕೊಡಲಾಗದವರ ಹೆಸರು ಬರೆಯಬೇಡಿ. ಸಂಘ ನೋಂದಾಯಿಸುವ ಮಾತು ಮೊದಲ ವರ್ಷ ಬೇಡ. ಒಬ್ಬರೇ ಮಾತಾಡುತ್ತಿದ್ದರೆ ಹುಣಸೆಬೀಜ ಮತ್ತೆ ಉಪಯೋಗಕ್ಕೆ ಬರುತ್ತದೆ: ಮಾತಿನ ಹೊತ್ತಿಗೆ ತಲಾ ನಾಲ್ಕು ಬೀಜ, ಒಂದು ಸಲ ಮಾತಾಡಿದರೆ ಒಂದು ಬೀಜ ಕೆಳಗೆ.

10. ಆರನೇ ವಾರ ಮತ್ತು ಮುಂದಿನ ಸುತ್ತು

ಆರನೇ ವಾರ ಕೂಟದ ಹೊರಗಿನ ಐದಾರು ಜನರನ್ನು ಕರೆದು ಒಪ್ಪಿಸಿ. ಭಾಷಣವಿಲ್ಲ. ಬಾಣಲೆ, ಗೆರೆ, ಬೀದಿಯ ಪೈಪಿನ ನಕ್ಷೆ ಹರಡಿಡಿ, ಬಂದವರು ಕೇಳಲಿ, ಯಾರಿಗೆ ಯಾವುದು ಗೊತ್ತೋ ಅವರು ಹೇಳಲಿ. ಉತ್ತರ ಸಿಗದೆ ಉಳಿದದ್ದನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮುಂದಿನ ಸುತ್ತಿನ ಪ್ರಶ್ನೆ ಹೆಚ್ಚಾಗಿ ಆ ಹಾಳೆಯಿಂದಲೇ ಬರುತ್ತದೆ. ನಡೆಸುವವರೂ ಬರೆಯುವವರೂ ಬದಲಾಗಬೇಕು, ಎಷ್ಟೇ ಚೆನ್ನಾಗಿ ಮಾಡಿದ್ದರೂ ಸರಿ.

ಎರಡು ಸುತ್ತುಗಳ ನಡುವೆ ಎರಡು ವಾರ ಬಿಡುವಿರಲಿ. ನಾಲೆ ಬಯಲಿನ ಹಳ್ಳಿಗಳಲ್ಲಿ ನಾಟಿಯ ಜುಲೈ, ಆಗಸ್ಟಿನಲ್ಲಿ ಹೊಸ ಸುತ್ತು ಹಿಡಿಯಬೇಡಿ, ಸೆಪ್ಟೆಂಬರ್ ಕೊನೆಗೆ ಶುರುಮಾಡಿ. ಮೈಸೂರಿನಲ್ಲಿ ಶಾಲೆ ತೆರೆದ ಗಡಿಬಿಡಿ ಕಳೆದ ಜೂನ್ ಮೂರನೇ ವಾರ ಒಳ್ಳೆಯದು. ದಸರೆಯ ದಿನಗಳಲ್ಲಿ ಮನೆತುಂಬ ನೆಂಟರು, ಆ ಹತ್ತು ದಿನ ಕೂಟ ಇಡಬೇಡಿ. ಮಾರ್ಚ್ ಪರೀಕ್ಷೆಯ ಕಾಲಕ್ಕೆ ಮಕ್ಕಳಿಲ್ಲದೆಯೂ ದೊಡ್ಡವರು ಸೇರಬಹುದು. ರಜೆಯ ವಾರಗಳನ್ನೂ, ಮತ್ತೆ ಸೇರುವ ತಾರೀಖನ್ನೂ ಸುತ್ತಿನ ಮೊದಲ ದಿನವೇ ಹಲಗೆಯ ಮೇಲಂಚಿನಲ್ಲಿ ಬರೆದುಬಿಡಿ. ತಾರೀಖು ಬರೆಯದ ರಜೆ ಒಂದು ವಾರದಿಂದ ಮೂರು ವಾರಕ್ಕೆ ಜಾರುತ್ತದೆ, ಮೂರು ವಾರ ತಪ್ಪಿದ ಕೂಟಕ್ಕೆ ಜನರನ್ನು ಮತ್ತೆ ಮನೆಮನೆಗೆ ಹೋಗಿ ಕರೆಯಬೇಕಾಗುತ್ತದೆ.